ಹಸಿಮೇವಿನ ಹಗೇವು

ಸಂಕ್ರಾಂತಿಗೆ ಇನ್ನೆರಡು ದಿನವಿರುವಾಗ, ಬಳ್ಳಾರಿ ಸೀಮೆಯ ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿಯ ನಮ್ಮ ಹೊಲದ ಬದುವಿನ ಮಗ್ಗುಲಲ್ಲಿ ಉದ್ದನೆಯ ತೋಡೊಂದನ್ನು ತೋಡಿಸುತ್ತಿದ್ದೆವು. ಎಮ್ಮೆ ಹೊಡೆದುಕೊಂಡು ಆ ದಾರಿಯಲ್ಲಿ ಹೊರಟಿದ್ದ ನಮ್ಮ ಓಣಿಯ ಹಿರಿಯರೊಬ್ಬರು ಕೋಲೂರಿ ನಿಂತು ಸ್ವಲ್ಪ ಹೊತ್ತು ನೋಡಿ, "ಏನಪ್ಪಾ, ಮತ್ತ ಹಗೇವು ತೆಗಿಯಾಕ ಹತ್ತೀರೇನು? ಬಾಯಿ ಇಷ್ಟು ದೊಡ್ಡದು ಬಿಟ್ರ ಒಳಗಿಂದು ಉಳೀತೈತೇನು?" ಎಂದು ಕೇಳಿದರು. ಇದು ಜೋಳಕ್ಕಲ್ಲ ದೊಡ್ಡಪ್ಪ, ಮೇವಿಗೆ, ಹಸಿ ಮೇವಿಗೆ ಎಂದು ನಾನು ಹೇಳಿದೆನು. "ಹಸೀದು ಮಣ್ಣಾಗ ಹಾಕಿದ್ರ ಗೊಬ್ಬರ ಆಗ್ತೈತಿ" ಎಂದವರೇ ಎಮ್ಮೆಗಳ ಹಿಂದೆ ನಡೆದುಬಿಟ್ಟರು. ಅವರು ಹೋದ ಮೇಲೆ ಯೋಚಿಸಿ ನೋಡಲಾಗಿ, ನಾನು ಎರಡು ವರ್ಷ ಕೈಸುಟ್ಟುಕೊಂಡು ಕಲಿತ ವಿದ್ಯೆಯ ಮುಕ್ಕಾಲು ಪಾಲು ಅವರ ಆ ಎರಡು ಮಾತುಗಳಲ್ಲಿಯೇ ಅಡಗಿತ್ತೆಂಬುದು ಮನಸ್ಸಿಗೆ ಬಂದಿತು.

ಹಗೇವನ್ನು ಕಣ್ಣಾರೆ ಕಂಡವರು ಈಗ ವಿರಳರಾಗುತ್ತಿರುವುದರಿಂದ ಅದರ ವಿಷಯವಾಗಿ ಕೆಲವು ಮಾತು ಹೇಳುವುದು ಅವಶ್ಯಕ. ಒಳಗೆ ಹೊಟ್ಟೆ ಅಗಲವಾಗಿಯೂ, ಮೇಲೆ ಬಾಯಿ ಒಬ್ಬ ಮನುಷ್ಯನು ಮೈಯನ್ನು ಹಿಡಿಮಾಡಿಕೊಂಡು ಇಳಿಯುವಷ್ಟು ಕಿರಿದಾಗಿಯೂ ಇರುವಂತೆ ಗಟ್ಟಿ ನೆಲವನ್ನು ಕೊರೆದು, ಒಳಮೈಯನ್ನು ಬೆಂಕಿಯಿಂದ ಒಣಗಿಸಿ, ತಳಕ್ಕೂ ಸುತ್ತಲಿಗೂ ಒಣಹುಲ್ಲನ್ನು ಒತ್ತಿ, ಚೆನ್ನಾಗಿ ಬಿಸಿಲುಂಡ ಬಿಳಿಜೋಳವನ್ನು ಕಂಠಮಟ್ಟ ಸುರಿದು, ಮೇಲೆ ಕಲ್ಲುಚಪ್ಪಡಿಯಿಟ್ಟು ಮಣ್ಣು ಮೆತ್ತಿಬಿಟ್ಟರೆ, ಆ ಕಾಳು ಹುಳು ಹಿಡಿಯದೆ ವರ್ಷಗಟ್ಟಲೆ ಉಳಿಯುತ್ತಿತ್ತು. ಮದ್ದಿಲ್ಲ, ಮಾತ್ರೆಯಿಲ್ಲ. ಧಾನ್ಯವೂ ಅದರೊಳಗಿನ ಹುಳುವೂ ಉಸಿರಾಡುವುವು. ಉಸಿರಾಡಿ ಗುಂಡಿಯೊಳಗಿನ ಪ್ರಾಣವಾಯುವನ್ನು ತಾವೇ ತೀರಿಸಿ, ಅದರ ಸ್ಥಾನದಲ್ಲಿ ಇಂಗಾಲದ ಡೈಆಕ್ಸೈಡನ್ನು ತುಂಬಿಬಿಡುವುವು. ಹೊರಗಿನ ಗಾಳಿ ಬಾರದಿದ್ದರೆ ಹುಳು ಸಾಯುವುದು, ಕಾಳು ಉಳಿಯುವುದು. ಹಗೇವನ್ನು ತೆರೆದೊಡನೆ ಯಾರೂ ಇಳಿಯಕೂಡದು, ಬಾಯಿ ಬಿಚ್ಚಿ ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ಅದು ಆರದೆ ಉರಿದರೆ ಮಾತ್ರ ಇಳಿಯಬೇಕು ಎಂಬ ಕಟ್ಟಳೆ ಹುಟ್ಟಿದ್ದು ಈ ಕಾರಣದಿಂದ. ಆ ಕಟ್ಟಳೆಯನ್ನು ಮೀರಿ ಉಸಿರುಗಟ್ಟಿ ಸತ್ತವರ ಕಥೆ ನಮ್ಮ ಸೀಮೆಯಲ್ಲಿ ಅಪರೂಪವಲ್ಲ. ಹಗೇವಿಗೆ ಹಗೆ ಎಂಬ ಚಿಕ್ಕ ಹೆಸರೂ ಉಂಟು. ಹಗೆಯೆಂದರೆ ವೈರಿಯೆಂಬ ಅರ್ಥವೂ ಇರುವುದರಿಂದ ಹಗೆಗೆ ಹಗೆ ಯಾವುದೆಂದು ಒಗಟು ಹಾಕಬಹುದು. ಉತ್ತರ, ಗಾಳಿ.

ಈಗ ಪಶುಪಾಲನೆಯ ಇಲಾಖೆಯವರು ರಸಮೇವು ಎಂದೂ, ಹಾಲಿನ ಡೇರಿಯ ಕಟ್ಟೆಯ ಮೇಲೆ ಕುಳಿತವರು ಸೈಲೇಜ್ ಎಂದೂ ಕರೆಯುವ ಪದಾರ್ಥದ ಬೀಜಮಂತ್ರವೂ ಇದೇ. ಆ ಪರಭಾಷೆಯ ಶಬ್ದದ ಬೇರಾದ ಸೈಲೋ ಎಂಬುದು ಸ್ಪೇನ್ ದೇಶದಿಂದ ಬಂದುದು. ಅಲ್ಲಿ ಅದು ಮೊದಲು ಧಾನ್ಯವನ್ನು ಹೂಳುವ ನೆಲಗುಂಡಿಯ ಹೆಸರು, ಎಂದರೆ ಅಕ್ಷರಶಃ ಹಗೇವು. ಕಾಳಿನ ಗುಂಡಿಯಲ್ಲಿ ಹಸಿ ಮೆಕ್ಕೆಜೋಳವನ್ನು ಕತ್ತರಿಸಿ ತುಂಬಿ ನೋಡಿದವರು ಯೂರೋಪಿನ ಕೆಲವು ರೈತರು. ಅವರಲ್ಲಿ ಫ್ರಾನ್ಸಿನ ಸೋಲೋಞ್ ಪ್ರಾಂತದ ಓಗ್ಯುಸ್ತ್ ಗೋಫಾರ್ ಎಂಬಾತನು ಅನೇಕ ವರ್ಷಗಳ ಪ್ರಯೋಗವನ್ನು ಒಟ್ಟುಗೂಡಿಸಿ 1877ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದನು. ಎರಡು ವರ್ಷದೊಳಗಾಗಿ ಅದು ಇಂಗ್ಲಿಷಿಗೆ ಭಾಷಾಂತರವಾಗಿ ಅಮೆರಿಕದ ಹೈನುಗಾರರ ಕೈಸೇರಿತು. ಈ 1877ನೆಯ ಇಸವಿಯನ್ನು ಬಳ್ಳಾರಿ ಸೀಮೆಯವರು ಸುಲಭವಾಗಿ ದಾಟಿ ಮುಂದೆ ಹೋಗಲಾರರು. ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮವು 1876ರಿಂದ 1878ರವರೆಗೆ ಈ ನಾಡನ್ನು ಸುಟ್ಟಿತು. ಆಗಿನ ಮದ್ರಾಸು ಪ್ರಾಂತದಲ್ಲಿ ಅತಿಯಾಗಿ ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಜನರೊಡನೆ ದನಗಳೂ ಅಸಂಖ್ಯವಾಗಿ ಸತ್ತುವು. ಬೀದಿಬೀದಿಯಲ್ಲಿ ಗಾಳಿಯಾಡದ ಗುಂಡಿ ತೋಡಬಲ್ಲವರು ನಾವು. ಅದೇ ವರ್ಷ ಸಮುದ್ರದಾಚೆ ಅಂಥದೇ ಗುಂಡಿಯಲ್ಲಿ ಹಸಿರು ಮೇವನ್ನು ಉಳಿಸಬಹುದೆಂದು ಒಬ್ಬನು ಬರೆದಿಟ್ಟನು. ಅಂಥ ಬರದಲ್ಲಿ ಹೂಳಲು ಹಸಿರು ಎಲ್ಲಿತ್ತೆಂದು ಕೇಳಿದರೆ, ಹೌದು, ಇರಲಿಲ್ಲ. ರಸಮೇವು ಬರಗಾಲದಲ್ಲಿ ಮಾಡುವ ಪದಾರ್ಥವಲ್ಲ. ಬರಕ್ಕೆ ಮುಂಚಿನ ವರ್ಷ ಮಾಡುವಂಥದು.

ಇಂದು ಸಿರುಗುಪ್ಪ ತಾಲ್ಲೂಕಿನ ಹೆಸರು ಹೇಳಿದೊಡನೆ ಎಲ್ಲರಿಗೂ ನೆನಪಾಗುವುದು ನೆಲ್ಲು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗಳಲ್ಲಿ ಹರಿಯತೊಡಗಿದ ಮೇಲೆ, ಬಿಳಿಜೋಳ ಹತ್ತಿಗಳ ಎರೆನೆಲದ ಬಹುಭಾಗವು ಕಣ್ಣೆದುರಿಗೇ ಗದ್ದೆಯಾಯಿತು. ಜೋಳವಿದ್ದಾಗ ಕಾಳಿನ ಜೊತೆಗೆ ಸೊಪ್ಪೆಯೂ ಮನೆಗೆ ಬರುತ್ತಿತ್ತು. ಬಣವೆಯ ಗಾತ್ರವನ್ನು ನೋಡಿ ಮನೆತನದ ಗಾತ್ರವನ್ನು ಅಳೆದು ಹೆಣ್ಣು ಕೊಡುವವರಿದ್ದರು. ನೆಲ್ಲಿನ ಕಾಲದಲ್ಲಿ ಕೊಯ್ಲಿನ ಯಂತ್ರವು ಬಂದು, ಕಾಳನ್ನು ಲಾರಿಗೆ ಸುರಿದು, ಹುಲ್ಲನ್ನು ಗದ್ದೆಯಲ್ಲಿ ಚೆಲ್ಲಿ ಹೋಗುವುದು; ಅದರಲ್ಲಿ ಎಷ್ಟೋ ಪಾಲಿಗೆ ಬೆಂಕಿ ಬೀಳುವುದು. ಉಳಿಸಿಕೊಂಡ ಹುಲ್ಲಾದರೂ ದನದ ಹೊಟ್ಟೆಯನ್ನು ತುಂಬುವುದೇ ಹೊರತು ಮೈಯನ್ನು ತುಂಬಲಾರದು: ನೂರು ಪಾಲು ಒಣ ಅಂಶದಲ್ಲಿ ಸಸಾರಜನಕ ಮೂರು ನಾಲ್ಕು ಪಾಲಿನ ಆಸುಪಾಸು, ಮರಳಿನ ಜಾತಿಯ ಸಿಲಿಕಾ ಮಾತ್ರ ಯಥೇಚ್ಛ. ಫಾಲ್ಗುಣ ಕಳೆದು ಬಿಸಿಲು ನಲವತ್ತು ಡಿಗ್ರಿಯನ್ನು ಮುಟ್ಟುವ ಹೊತ್ತಿಗೆ ಎಮ್ಮೆ ಅರ್ಧ ಹಾಲಿಗೆ ಇಳಿಯುವುದು ನಮ್ಮ ಮನೆಗಳಲ್ಲಿ ವಿಧಿಯೆಂಬಂತೆ ನಡೆದುಬಂದಿದೆ. ಇತ್ತ ಎರಡನೆಯ ಬೆಳೆಯ ನೀರಿನ ಭರವಸೆಯೂ ಕುಗ್ಗಿದೆ. ಕಟ್ಟಿದಾಗ ಸುಮಾರು 133 ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯವು ಹೂಳು ತುಂಬಿ ಈಗ 105ರ ಸುತ್ತ ನಿಂತಿದೆ. 2024ರ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೆಯ ಗೇಟಿನ ಸರಪಳಿ ತುಂಡಾಗಿ ನೀರು ಹೊಳೆಯ ಪಾಲಾದಾಗ, ಈ ಭಾಗದ ರೈತರು ಎಷ್ಟು ರಾತ್ರಿ ನಿದ್ದೆಗೆಟ್ಟರೆಂಬುದನ್ನು ನಾನು ಹೇಳಬೇಕಾದುದಿಲ್ಲ. ಗದ್ದೆಗೆ ನೀರು ಸಾಲದೆಂಬ ವರ್ಷದಲ್ಲಿಯೂ ಅರ್ಧ ಎಕರೆ ಮೆಕ್ಕೆಜೋಳಕ್ಕೆ ಸಾಲುವುದು. ಕಾಳಿಗಾಗಿ ಕಾಯದೆ ಮೇವಿಗಾಗಿ ಕೊಯ್ಯುವುದಾದರೆ ಮೂರು ತಿಂಗಳಲ್ಲಿ ಹೊಲ ಬಿಡುವಾಗುವುದು.

ನಮ್ಮ ಮನೆಯಲ್ಲಿ ದಸರೆ ಕಳೆದ ಮೇಲೆ ಆಫ್ರಿಕನ್ ಟಾಲ್ ಎಂಬ ಮೇವಿನ ತಳಿಯನ್ನು ಅರ್ಧ ಎಕರೆಯಲ್ಲಿ ಬಿತ್ತುವೆವು. ಕೊಯ್ಯುವ ದಿನವನ್ನು ಪಂಚಾಂಗವಲ್ಲ, ತೆನೆಯೇ ಹೇಳುವುದು. ತೆನೆಯೊಂದನ್ನು ನಡುಮುರಿದು ಕಾಳನ್ನು ನೋಡಿದರೆ, ತುದಿಯ ಕಡೆಯಿಂದ ಗಟ್ಟಿಯಾಗುತ್ತ ಬಂದ ಹಳದಿಯ ಹಿಟ್ಟಿಗೂ ಬುಡದಲ್ಲಿ ಇನ್ನೂ ಉಳಿದಿರುವ ಬಿಳಿಯ ಹಾಲಿಗೂ ನಡುವೆ ಸ್ಫುಟವಾದ ಗೆರೆಯೊಂದು ಕಾಣುವುದು. ಆ ಗೆರೆ ಕಾಳಿನ ಅರ್ಧಕ್ಕೆ ಇಳಿದಿದೆಯೆಂದರೆ ಇಡೀ ಗಿಡದಲ್ಲಿ ನೂರಕ್ಕೆ ಅರವತ್ತೈದರಿಂದ ಎಪ್ಪತ್ತು ಪಾಲು ನೀರಿದೆಯೆಂದು ತಿಳಿಯಬಹುದು. ನಮಗೆ ಬೇಕಾದ ಹದ ಅದೇ. ಇದಕ್ಕೆ ಮುಂಚೆ ಕೊಯ್ದರೆ ಗುಂಡಿಯ ತಳಕ್ಕೆ ರಸ ಸೋರಿ, ಸಾರವೆಲ್ಲ ಅದರೊಡನೆ ಹೋಗಿ, ಉಳಿದುದು ಕೆಟ್ಟ ಬೆಣ್ಣೆಯಂತೆ ನಾರುವುದು. ತಡಮಾಡಿದರೆ ದಂಟು ಒಣಗಿ ಎಷ್ಟು ತುಳಿದರೂ ಅಮರದೆ ಸಂದುಸಂದಿನಲ್ಲಿ ಗಾಳಿ ಕುಳಿತುಬಿಡುವುದು. ಗೆರೆಯನ್ನು ಗುರುತಿಸಲಾರದವರಿಗೆ ಇನ್ನೊಂದು ಪರೀಕ್ಷೆಯುಂಟು. ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಅರ್ಧ ನಿಮಿಷ ಬಿಗಿಯಾಗಿ ಹಿಂಡಿ ಬಿಡಬೇಕು: ಬೆರಳಸಂದಿಯಿಂದ ನೀರು ತೊಟ್ಟಿಕ್ಕಿದರೆ ಒಂದು ದಿನ ಬಾಡಿಸಬೇಕು, ಉಂಡೆ ಥಟ್ಟನೆ ಉದುರಿಹೋದರೆ ತಡವಾಯಿತೆಂದು ಅರ್ಥ, ಅಂಗೈ ಒದ್ದೆಯಾಗಿ, ಉಂಡೆ ಮೆಲ್ಲಗೆ ಮೈಬಿಚ್ಚಿದರೆ ಕುಡುಗೋಲು ಹಿಡಿಯಬಹುದು. ಈ ಪರೀಕ್ಷೆಯಲ್ಲಿ ನಮ್ಮ ಅವ್ವನ ಕೈ ನನ್ನ ಕೈಗಿಂತ ನೆಚ್ಚತಕ್ಕದ್ದು. ಹಿಟ್ಟು ನಾದಿ ರೊಟ್ಟಿ ಬಡಿದ ಕೈಗೆ ತೇವದ ಲೆಕ್ಕ ತಪ್ಪುವುದಿಲ್ಲ.

ಕೊಯ್ಲಿನ ದಿನ ಮನೆಯವರೆಲ್ಲರಿಗೂ ಕೆಲಸ. ನಾಲ್ಕಾರು ಜನ ಕೊಯ್ಯುತ್ತ ಬಂದಂತೆ, ತಮ್ಮನು ಬುಡವನ್ನು ಮುಂದುಮಾಡಿ ಕಟ್ಟುಗಳನ್ನು ಮೇವು ಕತ್ತರಿಸುವ ಮಿಷನ್ನಿಗೆ ನೀಡುವನು. ಬೆರಳಿನ ಒಂದು ಗೆಣ್ಣಿನಷ್ಟು ಉದ್ದದ ತುಣುಕುಗಳಾಗಿ ಮೇವು ಕಾರಂಜಿಯಂತೆ ಚಿಮ್ಮಿ ತೋಡಿಗೆ ಬೀಳುವುದು. ಉದ್ದ ತುಣುಕು ತುಳಿತಕ್ಕೆ ಬಗ್ಗುವುದಿಲ್ಲ. ಒಂದು ಗೇಣಿನಷ್ಟು ಪದರ ಬಿದ್ದೊಡನೆ ಮೂರು ನಾಲ್ಕು ಮಂದಿ ಇಳಿದು, ಅಂಚಿನಿಂದ ಮೊದಲುಮಾಡಿ ನಡುವಿಗೆ ಬರುವಂತೆ, ಹಿಮ್ಮಡಿಯೂರಿ ತುಳಿಯಬೇಕು. ಮೇಲೆ ನಿಂತರೆ ಕಾಲು ಹೂಳದಂತಾಗುವವರೆಗೂ ಮುಂದಿನ ಪದರವನ್ನು ಹಾಕಕೂಡದು. ತೋಡನ್ನು ಒಂದು ತುದಿಯಿಂದ ಪೂರ್ಣ ಎತ್ತರಕ್ಕೆ ತುಂಬುತ್ತ, ತುಂಬಿದ ಭಾಗವನ್ನು ಅಂದಂದೇ ಮುಚ್ಚುತ್ತ ಹೋಗಬೇಕೇ ಹೊರತು, ಉದ್ದಕ್ಕೂ ತೆಳುವಾಗಿ ಹರಡಿ ನಾಳೆ ನೋಡೋಣವೆಂದು ಊಟಕ್ಕೆ ಏಳಬಾರದು. ಕೊನೆಗೆ ನೆಲಮಟ್ಟಕ್ಕಿಂತ ಒಂದೂವರೆ ಅಡಿ ಎತ್ತರವಾಗಿ ಆಮೆಯ ಬೆನ್ನಿನಂತೆ ಏರಿಸಿ, ದಪ್ಪನೆಯ ಪ್ಲಾಸ್ಟಿಕ್ ಹಾಳೆಯನ್ನು ಎಳೆದು ಹೊದಿಸಿ, ಅಂಚನ್ನು ಮಣ್ಣಿನಲ್ಲಿ ಹೂಳಿ, ಮೇಲೆ ಮಣ್ಣಿನ ಚೀಲಗಳನ್ನೂ ಹಳೆಯ ಟೈರುಗಳನ್ನೂ ಹೇರಿದರೆ ಮನುಷ್ಯನ ಕೆಲಸ ಮುಗಿಯಿತು. ಬೆಲ್ಲದ ನೀರು, ಉಪ್ಪು, ಪೇಟೆಯ ಪುಡಿ ಮುಂತಾದುವನ್ನು ಚಿಮುಕಿಸಬೇಕೆಂದು ಉಪದೇಶಿಸುವವರು ಅನೇಕರಿದ್ದಾರೆ. ಸರಿಯಾದ ಹದದಲ್ಲಿ ಕೊಯ್ದ ಮೆಕ್ಕೆಜೋಳದ ದಂಟಿನಲ್ಲಿ ಬೇಕಾದಷ್ಟು ಸಕ್ಕರೆ ಇರುವುದರಿಂದ, ಬೆಲ್ಲವನ್ನು ಹೋಳಿಗೆಗೆ ಉಳಿಸಿಕೊಳ್ಳುವುದು ಲೇಸೆಂದು ನನ್ನ ಅಭಿಪ್ರಾಯ.

ಮುಚ್ಚಿದ ಮೇಲೆ ಒಳಗೆ ನಡೆಯುವ ವ್ಯಾಪಾರದಲ್ಲಿ ಹಗೇವಿಗೂ ಇದಕ್ಕೂ ಸಾಮ್ಯವಿರುವಂತೆ ಭೇದವೂ ಉಂಟು. ಕೊಯ್ದ ಗಿಡವು ಒಡನೆಯೇ ಸಾಯುವುದಿಲ್ಲ. ಕೆಲವು ಗಂಟೆ ಉಸಿರಾಡಿ, ಉಳಿದಿದ್ದ ಅಲ್ಪ ಗಾಳಿಯನ್ನು ತೀರಿಸಿ, ಮೈ ಬೆಚ್ಚಗೆ ಮಾಡಿಕೊಳ್ಳುವುದು. ಇಷ್ಟರವರೆಗೆ ಹಗೇವಿನ ಧರ್ಮವೇ. ಆದರೆ ಹಗೇವಿನ ಒಣಕಾಳು ಅನಂತರ ನಿದ್ರೆ ಮಾಡುವುದು. ಇಲ್ಲಿ ತೇವವಿರುವುದರಿಂದ, ಗಾಳಿಯಿಲ್ಲದೆ ಬದುಕಬಲ್ಲ ಸೂಕ್ಷ್ಮಜೀವಿಗಳ ಸಂಸಾರವೊಂದು ಎಚ್ಚೆತ್ತು ದಂಟಿನ ಸಕ್ಕರೆಯನ್ನು ಉಂಡು ಹುಳಿಯನ್ನು ವಿಸರ್ಜಿಸತೊಡಗುವುದು. ಹಾಲನ್ನು ಮೊಸರು ಮಾಡುವ ಬಳಗವೇ ಅದು. ಆ ಹುಳಿಯ ಹೆಸರು ಲ್ಯಾಕ್ಟಿಕ್ ಆಮ್ಲ. ಆಮ್ಲತೆಯನ್ನು ಅಳೆಯುವ ಪಿ.ಎಚ್. ಅಂಕವು ಆರರ ಸಮೀಪದಿಂದ ನಾಲ್ಕರ ಸಮೀಪಕ್ಕೆ ಇಳಿಯುವುದರೊಳಗಾಗಿ, ಕೊಳೆಸುವ ಜೀವಿಗಳೂ ಕಡೆಗೆ ಹುಳಿ ಮಾಡಿದವೂ ನಿಶ್ಚೇಷ್ಟಿತವಾಗಿ, ಮೇವು ಆ ಸ್ಥಿತಿಯಲ್ಲಿಯೇ ಸ್ಥಿರವಾಗಿ ನಿಲ್ಲುವುದು. ಹುಳಿಯೇ ಕಾವಲುಗಾರನೆಂಬ ಈ ತತ್ತ್ವವನ್ನು ಹಿಡಿದು, ಹುಲ್ಲಿಗೆ ಹೊರಗಿನಿಂದಲೇ ಆಮ್ಲವನ್ನು ಸೇರಿಸಿ ಕಾಪಾಡುವ ವಿಧಾನವನ್ನು ರೂಪಿಸಿದ ಫಿನ್ಲೆಂಡಿನ ವಿರ್ತಾನೆನ್ ಎಂಬ ವಿಜ್ಞಾನಿಗೆ 1945ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಬಂದಿತು. ದನದ ಮೇವಿಗೆ ನೊಬೆಲ್ ಬಂದಿತೆಂದು ಹೇಳಿದರೆ ನಮ್ಮ ಕಡೆ ಯಾರೂ ನಂಬುವುದಿಲ್ಲ.

ಇನ್ನು ಬಾಯಿಯ ವಿಚಾರ. ನನ್ನ ಮೊದಲ ವರ್ಷದ ಗುಂಡಿಯು ಮೂರು ಮೀಟರು ಅಗಲ, ಮೂರೂಕಾಲು ಮೀಟರು ಉದ್ದ, ಒಂದೂವರೆ ಮೀಟರು ಆಳವಾಗಿದ್ದಿತು. ಲೆಕ್ಕಕ್ಕೆ ಅದರಲ್ಲಿ ದೋಷವಿರಲಿಲ್ಲ. ನಮ್ಮಲ್ಲಿ ಎರಡು ಎಮ್ಮೆ, ಒಂದು ಆಕಳು. ದಿನಕ್ಕೆ ತಲೆಗೆ 20 ಕಿಲೋದಂತೆ 60 ಕಿಲೋ. ನಾಲ್ಕು ತಿಂಗಳಿಗೆ 7,200 ಕಿಲೋ. ಹತ್ತನೆಯ ಒಂದು ಪಾಲು ನಷ್ಟವೆಂದು ಹಿಡಿದರೆ ಎಂಟು ಟನ್ನು. ಕಾಲಿನಿಂದ ಚೆನ್ನಾಗಿ ತುಳಿದ ಒಂದು ಘನ ಮೀಟರಿನಲ್ಲಿ ಸುಮಾರು 550 ಕಿಲೋ ಹಿಡಿಯುವುದರಿಂದ ಹದಿನಾಲ್ಕೂವರೆ ಘನ ಮೀಟರಿನ ಗುಂಡಿ ಸಾಕಾಗಬೇಕು, ಸಾಕಾಗಿತ್ತು ಕೂಡ. ಮಾರ್ಚಿಯಲ್ಲಿ ತೆರೆದಾಗ ಮೇವು ಹೊಂಬಣ್ಣಕ್ಕೆ ತಿರುಗಿದ ಹಸಿರಾಗಿ, ಹುಳಿಬಂದ ಅಂಬಲಿಯ ಪರಿಮಳದಿಂದ ನಮ್ಮನ್ನು ಹಿಗ್ಗಿಸಿತು. ಹತ್ತು ದಿನ ಕಳೆಯುವಷ್ಟರಲ್ಲಿ ಮುಖದ ಮೇವು ಕೈಯಿಟ್ಟರೆ ಬಿಸಿಯಾಗಿತ್ತು. ಇಪ್ಪತ್ತನೆಯ ದಿನ ಬಿಳಿಯ ಬೂಷ್ಟು, ತಿಂಗಳಿಗೆ ಕರಿಯ ಮುದ್ದೆ. ಎಮ್ಮೆ ಮೂಸಿ ನೋಡಿ ಮುಖ ತಿರುಗಿಸಿತು. ಅರ್ಧಕ್ಕರ್ಧ ಮೇವು ತಿಪ್ಪೆಗೆ ಹೋಯಿತು. ಹಸೀದು ಮಣ್ಣಾಗ ಹಾಕಿದ್ರ ಗೊಬ್ಬರ ಆಗ್ತೈತಿ ಎಂಬ ಮಾತನ್ನು ಆ ವರ್ಷ ನಾನೇ ನಿಜಮಾಡಿ ತೋರಿಸಿದೆನು.

ತಪ್ಪು ತುಂಬುವುದರಲ್ಲಿ ಇರಲಿಲ್ಲ, ತೆಗೆಯುವುದರಲ್ಲಿ ಇತ್ತು. ಆ ಗುಂಡಿಯ ಮುಖದ ವಿಸ್ತೀರ್ಣ ನಾಲ್ಕೂವರೆ ಚದರ ಮೀಟರು. ಅದರಿಂದ ದಿನಕ್ಕೆ 60 ಕಿಲೋ ತೆಗೆದರೆ ಮುಖವು ಒಂದು ಅಂಗುಲದಷ್ಟು ಮಾತ್ರ ಹಿಂದೆ ಸರಿಯುವುದು. ಗಾಳಿಯಾದರೋ ಮೇವಿನೊಳಕ್ಕೆ ದಿನಕ್ಕೆ ಒಂದು ಅಂಗುಲಕ್ಕಿಂತ ಬಹಳ ವೇಗವಾಗಿ ನುಗ್ಗುವುದು. ಹೀಗಾಗಿ ನಾವು ಪ್ರತಿದಿನವೂ ತೆಗೆಯುತ್ತಿದ್ದುದು ಹಿಂದಿನ ವಾರವೇ ಕೆಡಲು ಮೊದಲಾಗಿದ್ದ ಮೇವನ್ನು. ನಮ್ಮ ಬೇಸಗೆಯಂಥ ಸೆಕೆಯಲ್ಲಿ ಮುಖವು ದಿನಕ್ಕೆ ನಾಲ್ಕು ಅಂಗುಲವಾದರೂ ಸರಿಯಬೇಕು. ಪುಸ್ತಕಗಳಲ್ಲಿ ಕಾಣುವ ಗುಂಡಿಯ ಚಿತ್ರಗಳು ಐವತ್ತು ನೂರು ಹಸುಗಳ ಒಡೆಯರಿಗಾಗಿ ಬರೆದುವು. ಟ್ರ್ಯಾಕ್ಟರು ಮೇಲೆ ಹತ್ತಿ ತುಳಿಯಲೆಂದು ಅವುಗಳಿಗೆ ಅಷ್ಟು ಅಗಲ. ಮೂರು ದನದ ಮನೆಯವನು ಅದನ್ನು ಅನುಕರಿಸಿದರೆ, ಸಣ್ಣ ಕುಟುಂಬವು ಮದುವೆಮನೆಯ ಹಂಡೆಯಲ್ಲಿ ಅನ್ನ ಮಾಡಿಟ್ಟು ನಾಲ್ಕು ದಿನ ಉಂಡಂತಾಗುವುದು. ಆದುದರಿಂದ ಈ ವರ್ಷದ ತೋಡು ಒಂದು ಮೀಟರು ಅಗಲ, ಒಂದು ಮೀಟರು ಆಳ, 14.5 ಮೀಟರು ಉದ್ದ. ಮೇವು ಅಷ್ಟೇ, ಮುಖ ಮಾತ್ರ ಒಂದು ಚದರ ಮೀಟರು. ಅದೇ 60 ಕಿಲೋಗೆ ಈಗ ದಿನಕ್ಕೆ ಹನ್ನೊಂದು ಸೆಂಟಿಮೀಟರು ಸರಿಯುತ್ತದೆ. ಹಗೇವಿನ ಬಾಯನ್ನು ಹಿರಿಯರು ಒಬ್ಬನು ಇಳಿಯುವಷ್ಟಕ್ಕೇ ಏಕೆ ಬಿಡುತ್ತಿದ್ದರೆಂಬುದು ನನಗೆ ಅರ್ಥವಾದುದು ಎಂಟು ಟನ್ನು ಮೇವಿನ ಅರ್ಧವನ್ನು ಕಳೆದುಕೊಂಡ ಮೇಲೆ.

ಎರಡನೆಯ ವರ್ಷದ ಪಾಠವನ್ನು ಕಲಿಸಿದುದು ನೆಲ. ನಮ್ಮದು ಎರೆಮಣ್ಣು, ಮಳೆಗೆ ಉಬ್ಬಿ, ಬೇಸಗೆಗೆ ಕೈ ತೂರುವಷ್ಟು ಬಿರಿಯುವುದು ಅದರ ಸ್ವಭಾವ. ಬರಿಯ ಮಣ್ಣಿನ ಗೋಡೆಗೆ ತಾಗಿಸಿ ಮೇವು ತುಂಬಿದ್ದ ನನಗೆ, ಏಪ್ರಿಲಿನಲ್ಲಿ ಗೋಡೆ ಬಿರಿದು ಬದಿಯುದ್ದಕ್ಕೂ ಒಂದು ಗೇಣು ಮೇವು ಬೂಷ್ಟು ಹಿಡಿದ ಮೇಲೆ, ಒಳಮೈಗೂ ಪ್ಲಾಸ್ಟಿಕ್ ಹಾಳೆಯನ್ನು ಹಾಸಬೇಕೆಂಬ ಬುದ್ಧಿ ಬಂದಿತು. ಕಾಲುವೆಯ ಕೆಳಗೆ ತಗ್ಗಿನ ಹೊಲವುಳ್ಳವರು ಗುಂಡಿಯ ಆಸೆಯನ್ನೇ ಬಿಡುವುದು ಒಳ್ಳೆಯದು. ವರ್ಷಾನುಗಟ್ಟಲೆ ಗದ್ದೆ ನಿಂತ ನೆಲದಲ್ಲಿ ನಾಲ್ಕು ಅಡಿಗೇ ತೇವ ಜಿನುಗುವುದು. ಅಂಥ ಕಡೆ ಹಳೆಯ ಹಗೇವುಗಳೇ ಬದುಕಲಿಲ್ಲ, ಹೊಸದು ಬದುಕೀತೇ? ಅವರು ನೆಲದ ಮೇಲೆಯೇ ಎರಡು ಗೋಡೆ ಕಟ್ಟಿ ನಡುವೆ ತುಂಬಬಹುದು. ಒಂದೇ ಎಮ್ಮೆಯಿರುವ ಮನೆಗೆ ಮುಚ್ಚಳ ಬಿಗಿಯಾದ 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮುಗಳು ಸಾಕು: ಒಂದರಲ್ಲಿ ಸುಮಾರು ನೂರು ಕಿಲೋ ಹಿಡಿಯುವುದು, ಐದು ದಿನಕ್ಕೆ ತೀರುವುದು, ಮುಂದಿನದರ ಮುಚ್ಚಳವನ್ನು ಆಮೇಲೆ ತೆಗೆದರಾಯಿತು. ಇಲಿ ಹಾಳೆಗೆ ಮಾಡುವ ಒಂದು ತೂತು ಒಂದು ಪುಟ್ಟಿ ಮೇವಿಗೆ ಸಮವೆಂದು ತಿಳಿದು, ವಾರಕ್ಕೊಮ್ಮೆ ಸುತ್ತ ನಡೆದು ಅಂಟುಪಟ್ಟಿ ಹಚ್ಚಬೇಕು.

ದೀಪದ ಕಟ್ಟಳೆಯನ್ನು ಇಲ್ಲಿಯೂ ಮರೆಯಕೂಡದು. ಇಲ್ಲಿ ಅಪಾಯ ಎರಡು ಬಗೆಯದು. ಯೂರಿಯಾ ಹೆಚ್ಚು ಸುರಿದ ಅಥವಾ ನೀರಿಲ್ಲದೆ ಬಳಲಿದ ಬೆಳೆಯಲ್ಲಿ ನೈಟ್ರೇಟು ಕೂಡಿಕೊಂಡಿರುವುದು. ತುಂಬಿದ ಮೊದಲ ಮೂರು ವಾರ ಅದರಿಂದ ಕೆಂಗಂದು ಬಣ್ಣದ ವಿಷಗಾಳಿ ಹೊರಟು, ಭಾರವಾದುದರಿಂದ ತಗ್ಗಿನಲ್ಲಿ ನಿಲ್ಲಬಹುದು. ಎರಡನೆಯದಾದ ಇಂಗಾಲದ ಡೈಆಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ದೀಪವು ಪ್ರಾಣವಾಯು ಇಲ್ಲದ್ದನ್ನು ಹೇಳೀತು, ವಿಷಗಾಳಿ ಇರುವುದನ್ನು ಹೇಳಲಾರದು. ಆದುದರಿಂದ ಆಳವಾದ ಗುಂಡಿಯುಳ್ಳವರು ಆ ದಿನಗಳಲ್ಲಿ ಇಳಿಯದಿರಬೇಕು, ಮಕ್ಕಳನ್ನು ಹತ್ತಿರ ಸುಳಿಯಗೊಡದಿರಬೇಕು. ಬಿದ್ದವನನ್ನು ಎತ್ತಲೆಂದು ಹಿಂದೆಮುಂದೆ ನೋಡದೆ ಇಳಿದ ಎರಡನೆಯವನೂ ಬೀಳುವನೆಂಬುದನ್ನು ಹಗೇವಿನ ಕಥೆಗಳೇ ಹೇಳುತ್ತವೆ.

ನಲವತ್ತೈದು ದಿನ ಕಳೆದ ಮೇಲೆ ತೆರೆಯಬಹುದು. ಮೊದಲ ದಿನವೇ ಪುಟ್ಟಿ ತುಂಬ ಸುರಿಯದೆ, ತಲೆಗೆ ಐದು ಕಿಲೋದಿಂದ ಮೊದಲುಮಾಡಿ ವಾರದಲ್ಲಿ ಪೂರ್ಣ ಪ್ರಮಾಣಕ್ಕೆ ಬರಬೇಕು; ದನದ ಹೊಟ್ಟೆಯೊಳಗಿನ ಜೀವಿಗಳಿಗೂ ಹೊಸ ಅಡುಗೆ ಒಗ್ಗಬೇಕಷ್ಟೆ. ಹಾಲು ಕರೆಯುವುದಕ್ಕೆ ಮುಂಚೆ ಹಾಕಿದರೆ ಹಾಲಿಗೆ ಅದರ ವಾಸನೆ ಹತ್ತುವುದುಂಟು, ಕರೆದ ಮೇಲೆ ಗೋದಲಿಗೆ ಹಾಕಿದರೆ ಆ ದೂರು ಇಲ್ಲ. ಬೂಷ್ಟು ಹಿಡಿದುದನ್ನು, ಸ್ವಲ್ಪವೇ ತಾನೇ ಎಂದು ಬೆರೆಸಿಬಿಡುವ ಜಿಪುಣತನ ಬೇಡ; ಅದರ ವಿಷ ದನಕ್ಕೂ ಹಾಲಿಗೂ ಇಳಿಯುವುದು. ರಸಮೇವೊಂದೇ ಸರ್ವಸ್ವವೆಂದೂ ಭ್ರಮಿಸಬಾರದು. ಶಕ್ತಿಯಲ್ಲಿ ಅದು ಶ್ರೀಮಂತ, ಸಸಾರಜನಕದಲ್ಲಿ ಸಾಧಾರಣ. ನೂರಕ್ಕೆ ಏಳೆಂಟು ಪಾಲು ಮಾತ್ರ. ಹಿಂಡಿಯೂ ಒಂದಿಷ್ಟು ಒಣಮೇವೂ ಜೊತೆಗಿರಬೇಕು. ಹಾಗೆ ನೋಡಿದರೆ ಮೆಕ್ಕೆಜೋಳವೇ ಆಗಬೇಕೆಂಬ ನಿಯಮವೂ ಇಲ್ಲ. ಹಗರಿಯಲ್ಲಿ 1906ರಿಂದಲೂ, ಸಿರುಗುಪ್ಪದಲ್ಲಿ 1937ರಿಂದಲೂ ಕೃಷಿ ಸಂಶೋಧನಾ ಕೇಂದ್ರಗಳನ್ನು ಪಡೆದಿರುವ ಈ ಸೀಮೆಯ ಹಳೆಯ ಬೆಳೆಯಾದ ಜೋಳವೂ, ಕಾಳು ಹಿಟ್ಟುಗಟ್ಟುವ ಹೊತ್ತಿಗೆ ಕೊಯ್ದರೆ, ಇದೇ ತೋಡಿನಲ್ಲಿ ಚೆನ್ನಾಗಿ ಹುಳಿಯಾಗುವುದು. ಮುಂದಿನ ವರ್ಷ ತೋಡಿನ ಅರ್ಧವನ್ನು ಅದಕ್ಕೆ ಬಿಡಬೇಕೆಂದು ಮನೆಯಲ್ಲಿ ಮಾತು ನಡೆದಿದೆ.

ಈ ವರ್ಷದ ತೋಡನ್ನು ಮಾರ್ಚಿಯ ಮೊದಲ ವಾರದಲ್ಲಿ ತೆರೆದೆವು. ಇದನ್ನು ಬರೆಯುತ್ತಿರುವ ಮೇ ತಿಂಗಳ ಮಧ್ಯಕ್ಕೆ ಇನ್ನೂ ಆರು ಮೀಟರು ಉಳಿದಿದೆ, ಮುಖದಲ್ಲಿ ಬೂಷ್ಟಿಲ್ಲ. ನೋಡಬೇಕೆನ್ನುವವರು ಬೆಳಿಗ್ಗೆ ಹಾಲು ಕರೆದ ಹೊತ್ತಿಗೆ ಬರಬೇಕು. ಹಾಳೆಯನ್ನು ನಾವು ದಿನಕ್ಕೆ ಒಂದೇ ಸಲ ಎತ್ತುವುದು.